ಕ್ಲೌಡ್‌ಗೆ ಹೋಗುವ ಮುನ್ನ ವಿಎಂ ಅಳತೆ: ಒಂದು ಸಕ್ಕರೆ ಕಾರ್ಖಾನೆಯ ಲೆಕ್ಕ ಹಿಡಿದು ಸಮಗ್ರ ಮಾರ್ಗದರ್ಶಿ

"ಈಗಿನ ಸರ್ವರ್‌ನಲ್ಲಿ 8 ಕೋರ್, 64 ಜಿಬಿ ರ‍್ಯಾಮ್ ಇದೆ. ಕ್ಲೌಡ್‌ನಲ್ಲೂ ಅಷ್ಟೇ ತಗೊಳ್ಳೋಣ." ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆಯ ಕಚೇರಿಗಳಲ್ಲಿ, ಮಂಡ್ಯದ ಗಿರಣಿಗಳಲ್ಲಿ ಈ ಮಾತು ಕೇಳುತ್ತಲೇ ಇರುತ್ತೇನೆ. ಕೇಳಲು ಸರಿ ಅನಿಸುತ್ತದೆ. ಆದರೆ ಬಿಲ್ ಕೈಮೀರುವುದು ಸಾಮಾನ್ಯವಾಗಿ ಇಲ್ಲಿಂದಲೇ.

ಆ ಸರ್ವರ್ ಅಷ್ಟು ದೊಡ್ಡದಾಗಿದ್ದಕ್ಕೆ ಕಾರಣ ಇದೆ. ಒಮ್ಮೆ ಕೊಂಡರೆ ಐದಾರು ವರ್ಷ ಅದರಲ್ಲೇ ನಡೆಸಬೇಕಿತ್ತು. ಹಾಗಾಗಿ ಮುಂದೆ ಬರಬಹುದಾದ ಕೆಲಸಕ್ಕೂ ಸೇರಿಸಿ ಕೊಂಡಿದ್ದರು. ಕ್ಲೌಡ್ ಹಾಗಲ್ಲ. ಮದುವೆಗೆ ಶಾಮಿಯಾನ ತಂದ ಹಾಗೆ, ಇದು ಬಾಡಿಗೆ. ದೂರದ ಡೇಟಾ ಸೆಂಟರ್‌ನ ದೊಡ್ಡ ಸರ್ವರ್‌ನಲ್ಲಿ ನಮಗೆ ಒಂದು ಪಾಲು ಸಿಗುತ್ತದೆ. ಹೀಗೆ ಸಾಫ್ಟ್‌ವೇರ್ ಪಾಲು ಮಾಡಿ ಕೊಟ್ಟ ಯಂತ್ರಕ್ಕೆ ವಿಎಂ (ವರ್ಚುವಲ್ ಮೆಷಿನ್) ಅನ್ನುತ್ತಾರೆ. ಬೇಕಾದಾಗ ದೊಡ್ಡದು ಮಾಡಬಹುದು, ಮುಗಿದ ಮೇಲೆ ಚಿಕ್ಕದು ಮಾಡಬಹುದು. ಆದ್ದರಿಂದ ಅಳೆಯಬೇಕಾದ್ದು ಹಳೆಯ ಯಂತ್ರವನ್ನಲ್ಲ, ಅದರ ಮೇಲೆ ನಡೆಯುವ ಕೆಲಸವನ್ನು. ಆ ಕೆಲಸಕ್ಕೆ ಅದರದ್ದೇ ಕ್ಯಾಲೆಂಡರ್ ಇರುತ್ತದೆ. ಮಂಡ್ಯದಲ್ಲಿ ಅದು ಕಬ್ಬಿನ ಹಂಗಾಮು, ಮೈಸೂರಿನ ಹೋಟೆಲ್ ಮತ್ತು ಸೀರೆ ಅಂಗಡಿಗೆ ದಸರಾ, ಕಾಲೇಜಿಗೆ ಫಲಿತಾಂಶದ ದಿನ.

ಲೆಕ್ಕ ತೋರಿಸಲು ಮಂಡ್ಯ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯನ್ನು ಕಲ್ಪಿಸಿಕೊಳ್ಳೋಣ. ಲೆಕ್ಕಪತ್ರದ ಕಚೇರಿ ಮೈಸೂರಿನಲ್ಲಿದೆ. ಒಟ್ಟು ಆರು ಯಂತ್ರಗಳಿವೆ: ರೈತರ ಕಬ್ಬಿನ ಲೆಕ್ಕ ಮತ್ತು ಬಟವಾಡೆ ನೋಡುವ ಅಪ್ಲಿಕೇಶನ್ ಸರ್ವರ್, ಅದರ ಹಿಂದಿನ ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್, 2 ಟಿಬಿ ಫೈಲ್ ಸರ್ವರ್, 12 ಜನ ಬಳಸುವ ಟ್ಯಾಲಿ ಸರ್ವರ್, ಕಬ್ಬಿನ ಗಾಡಿ ತೂಗುವ ವೇಬ್ರಿಡ್ಜ್ ಪಕ್ಕದ ಕಂಪ್ಯೂಟರ್, ಒಂದು ಟೆಸ್ಟ್ ಸರ್ವರ್. ಇವುಗಳ ಬಗ್ಗೆ ಮುಂದೆ ಕೊಡುವ ಅಳತೆಗಳೂ ಉದಾಹರಣೆಗೆ ಅಷ್ಟೇ. ಲೆಕ್ಕ ಹಾಕುವ ದಾರಿ ಮಾತ್ರ ನಿಮ್ಮ ಕಚೇರಿಗೂ ಹೊಂದುತ್ತದೆ.

ಮೊದಲು ಪಟ್ಟಿ

ಒಂದು ಎಕ್ಸೆಲ್ ಹಾಳೆ ಸಾಕು. ಪ್ರತಿ ಸರ್ವರ್‌ಗೆ ಒಂದು ಸಾಲು. ಹೆಸರು, ಆಪರೇಟಿಂಗ್ ಸಿಸ್ಟಂ, ಕೋರ್, ರ‍್ಯಾಮ್, ಡಿಸ್ಕ್ ಎಲ್ಲರೂ ಬರೆಯುತ್ತಾರೆ. ಬಿಟ್ಟು ಹೋಗುವ ಮೂರು ಕಾಲಂಗಳೇ ಆಮೇಲೆ ಕಾಡುತ್ತವೆ: ಇದನ್ನು ಯಾರು ಬಳಸುತ್ತಾರೆ, ಯಾವ ಹೊತ್ತಿನಲ್ಲಿ ಬಳಸುತ್ತಾರೆ, ನಿಂತರೆ ಎಷ್ಟು ಹೊತ್ತು ತಡೆಯಬಹುದು. ಇವುಗಳ ಉತ್ತರ ಐಟಿ ಕೋಣೆಯಲ್ಲಿ ಸಿಗುವುದಿಲ್ಲ. ಕಬ್ಬು ವಿಭಾಗಕ್ಕೆ ಹೋಗಿ ಕೇಳಬೇಕು, ಅಕೌಂಟ್ಸ್ ಮೇಡಂ ಹತ್ತಿರ ಕೂತು ಕೇಳಬೇಕು.

ಯಾವ ಸರ್ವರ್ ಯಾವುದರ ಜೊತೆ ಮಾತಾಡುತ್ತದೆ ಅನ್ನುವುದನ್ನೂ ಬರೆದಿಡಿ. ನೆಟ್‌ಸ್ಟ್ಯಾಟ್ ಕಮಾಂಡನ್ನು ಬೇರೆ ಬೇರೆ ಹೊತ್ತಿನಲ್ಲಿ ಓಡಿಸಿ ಇಟ್ಟುಕೊಂಡರೆ ಬಹುಪಾಲು ತಿಳಿಯುತ್ತದೆ. ಅಪ್ಲಿಕೇಶನ್ ಮತ್ತು ಅದರ ಡೇಟಾಬೇಸ್ ಒಟ್ಟಿಗೇ ಹೋಗಬೇಕು. ಒಂದು ಕ್ಲೌಡ್‌ನಲ್ಲಿ, ಇನ್ನೊಂದು ಮಂಡ್ಯದಲ್ಲಿ ಉಳಿದರೆ ಕೆಲಸ ನಿಧಾನವಾಗುತ್ತದೆ. ಒಂದೇ ಲ್ಯಾನ್‌ನಲ್ಲಿ, ಅಂದರೆ ಕಚೇರಿಯೊಳಗಿನ ನೆಟ್‌ವರ್ಕ್‌ನಲ್ಲಿ, ಉತ್ತರ ಬರಲು 1 ಮಿಲಿಸೆಕೆಂಡ್ ಕೂಡ ಬೇಡ. ದೂರದ ಡೇಟಾ ಸೆಂಟರ್‌ಗೆ ಹೋಗಿ ಬರಲು 30 ಮಿಲಿಸೆಕೆಂಡ್ ಹಿಡಿಯಿತು ಅಂತ ಇಟ್ಟುಕೊಳ್ಳಿ. ಒಂದು ಪರದೆ ತೆರೆಯಲು 500 ಸಣ್ಣ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಒಂದಾದ ಮೇಲೊಂದು ಹೋಗುತ್ತಿದ್ದರೆ ಅಲ್ಲಿಗೆ 15 ಸೆಕೆಂಡ್ ಆಯಿತು. ಎಷ್ಟು ದೊಡ್ಡ ವಿಎಂ ತಂದರೂ ಈ 15 ಸೆಕೆಂಡ್ ಕಡಿಮೆಯಾಗುವುದಿಲ್ಲ.

ಆಪರೇಟಿಂಗ್ ಸಿಸ್ಟಂನ ವಯಸ್ಸನ್ನೂ ನೋಡಿ. ವಿಂಡೋಸ್ ಸರ್ವರ್ 2012 ಆರ್2 ಬೆಂಬಲ 2023ರ ಅಕ್ಟೋಬರ್ 10ಕ್ಕೆ ಮುಗಿದಿದೆ. ಸೆಂಟ್‌ಒಎಸ್ 7ರದ್ದು 2024ರ ಜೂನ್ 30ಕ್ಕೆ. ಇಂಥವನ್ನು ಹಾಗೇ ಎತ್ತಿ ಕ್ಲೌಡ್‌ನಲ್ಲಿ ಇಡಬೇಡಿ. ಹೊಸ ವಿಎಂನಲ್ಲಿ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿ, ಡೇಟಾ ಮಾತ್ರ ತನ್ನಿ.

ಎಲ್ಲವೂ ಹೋಗಬೇಕಿಲ್ಲ

ವೇಬ್ರಿಡ್ಜ್ ಕಂಪ್ಯೂಟರ್ ಕಾರ್ಖಾನೆಯಲ್ಲೇ ಇರಲಿ. ಹಂಗಾಮಿನಲ್ಲಿ ಗೇಟಿನ ಹೊರಗೆ ಟ್ರ್ಯಾಕ್ಟರ್, ಲಾರಿ, ಎತ್ತಿನ ಗಾಡಿ ಸಾಲುಗಟ್ಟಿ ನಿಂತಿರುತ್ತವೆ. ಕಡಿದ ಕಬ್ಬು ಹೊತ್ತು ಹೋದಂತೆ ಒಣಗಿ ತೂಕ ಕಳೆದುಕೊಳ್ಳುತ್ತದೆ, ಆ ನಷ್ಟ ರೈತರದ್ದು. ಇಂಟರ್ನೆಟ್ ಹೋಯಿತು ಅಂತ ತೂಕ ನಿಲ್ಲಬಾರದು. ಆ ಕಂಪ್ಯೂಟರ್‌ನಲ್ಲಿ ಚಿಕ್ಕ ಡೇಟಾಬೇಸ್ ಇಟ್ಟು, ತೂಕವನ್ನು ಮೊದಲು ಅಲ್ಲೇ ಬರೆದು, ಲೈನ್ ಇದ್ದಾಗ ಕ್ಲೌಡ್‌ಗೆ ಕಳಿಸುವಂತೆ ಮಾಡಿಸಿ. ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ.

ಫೈಲ್ ಸರ್ವರ್‌ನ 2 ಟಿಬಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹಳೆಯ ಸ್ಕ್ಯಾನ್‌ಗಳೇ ಇರುತ್ತವೆ, ಅಲ್ವಾ? ಅವನ್ನು ವಿಎಂ ಡಿಸ್ಕ್‌ನಲ್ಲಿ ಇಡಬೇಕಿಲ್ಲ, ಅಮೆಜಾನ್‌ನ ಕ್ಲೌಡ್ ಎಡಬ್ಲ್ಯೂಎಸ್‌ನಲ್ಲಾದರೆ ಎಸ್3, ಮೈಕ್ರೋಸಾಫ್ಟ್‌ನ ಅಜೂರ್‌ನಲ್ಲಾದರೆ ಬ್ಲಾಬ್ ಸ್ಟೋರೇಜ್ ಅನ್ನುವ ಫೈಲ್ ಗೋದಾಮಿಗೆ ಹಾಕಿ. ಅಲ್ಲಿ ಒಂದು ಜಿಬಿಗೆ ಬಾಡಿಗೆ ವಿಎಂನ ಎಸ್‌ಎಸ್‌ಡಿ ಡಿಸ್ಕ್‌ಗಿಂತ ಕಡಿಮೆ.

ಅಳತೆ: ಎಷ್ಟು ದಿನ, ಯಾವ ದಿನ

ವಿಂಡೋಸ್‌ನಲ್ಲಿ ಪರ್ಫಾರ್ಮೆನ್ಸ್ ಮಾನಿಟರ್ ಇದೆ. ಅದರಲ್ಲಿ ಡೇಟಾ ಕಲೆಕ್ಟರ್ ಸೆಟ್ ಮಾಡಿ ಬಿಡಿ. ಪ್ರೊಸೆಸರ್ ಟೈಮ್, ಉಳಿದ ಮೆಮೊರಿ, ಡಿಸ್ಕ್‌ನ ಓದು ಮತ್ತು ಬರಹದ ಸಂಖ್ಯೆ, ಡಿಸ್ಕ್ ಉತ್ತರಿಸಲು ಹಿಡಿಯುವ ಸಮಯ, ನೆಟ್‌ವರ್ಕ್ ಬೈಟ್‌ಗಳು, ಇಷ್ಟು ಸಾಕು. ಲಿನಕ್ಸ್‌ನಲ್ಲಿ ಸಿಸ್‌ಸ್ಟ್ಯಾಟ್ ಹಾಕಿದರೆ ಸಾರ್ ಕಮಾಂಡ್ ಎಲ್ಲ ತೋರಿಸುತ್ತದೆ. ಅದು ತಾನಾಗಿ 10 ನಿಮಿಷಕ್ಕೊಮ್ಮೆ ಬರೆದುಕೊಳ್ಳುತ್ತದೆ, ಅದನ್ನು 1 ನಿಮಿಷಕ್ಕೆ ಇಳಿಸಿ. 10 ನಿಮಿಷದ ಸರಾಸರಿಯಲ್ಲಿ ಎರಡು ನಿಮಿಷ ಪೂರ್ತಿ ಉಸಿರು ಕಟ್ಟಿದ್ದು ಕಾಣುವುದೇ ಇಲ್ಲ.

ಒಂದೇ ಸರ್ವರ್‌ನಲ್ಲಿ ಹಲವು ವಿಎಂ ಓಡಿಸುವ ವಿಎಂವೇರ್ ಅಥವಾ ಹೈಪರ್‌-ವಿ ಇದ್ದರೆ ಅಜೂರ್ ಮೈಗ್ರೇಟ್‌ನಂಥ ಸಲಕರಣೆ ತಾನೇ ಅಳೆದು ಸೈಜ್ ಹೇಳುತ್ತದೆ. ಒಂದು ಎಚ್ಚರ: ಅದರಲ್ಲಿ ಎರಡು ಬಗೆ ಇದೆ. "ಈಗಿರುವ ಹಾಗೆಯೇ" ಅನ್ನುವುದನ್ನು ಆರಿಸಿದರೆ ಹಳೆಯ 8 ಕೋರ್, 64 ಜಿಬಿಯನ್ನೇ ನಕಲು ಮಾಡಿಕೊಡುತ್ತದೆ. ಬಳಕೆಯ ಆಧಾರದ ಲೆಕ್ಕವನ್ನೇ ಆರಿಸಿ.

ಎಷ್ಟು ದಿನ ಅಳೆಯಬೇಕು? ಒಂದು ವಾರ ಸಾಲದು. ಇದಕ್ಕೆ ಸಕ್ಕರೆ ಕಾರ್ಖಾನೆಯಲ್ಲಿ ಒಳ್ಳೆಯ ಉದಾಹರಣೆ ಇದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ, ಕಬ್ಬು ಕೊಟ್ಟ 14 ದಿನದೊಳಗೆ ರೈತರಿಗೆ ಹಣ ಕೊಡಬೇಕು. ನಮ್ಮ ಉದಾಹರಣೆಯ ಕಾರ್ಖಾನೆ ಎರಡು ವಾರಕ್ಕೊಮ್ಮೆ ಒಂದು ರಾತ್ರಿ ಎಲ್ಲರ ಬಟವಾಡೆ ಲೆಕ್ಕ ಓಡಿಸುತ್ತದೆ. ತೂಕ, ಕಡಿತ, ಸಾಲದ ಕಂತು, ಬ್ಯಾಂಕಿನ ಫೈಲ್ ಎಲ್ಲ ಸೇರಿ ಎರಡು ಗಂಟೆ ಕೆಲಸ. ನೀವು ಅಳೆದ ವಾರದಲ್ಲಿ ಆ ರಾತ್ರಿ ಬರದೆ ಇದ್ದರೆ ನಿಮ್ಮ ಅಂಕಿಗಳು ಅರ್ಧಂಬರ್ಧ. ಹಂಗಾಮು ಮುಗಿದ ಮೇಲೆ ಅಳೆದಿರೋ, ಅಂಕಿಗಳಿಗೆ ಅರ್ಥವೇ ಇಲ್ಲ. ಕನಿಷ್ಠ 30 ದಿನ, ಅದೂ ಕಾರ್ಖಾನೆ ಅರೆಯುತ್ತಿರುವಾಗ ಅಳೆಯಿರಿ.

95ನೇ ಪರ್ಸೆಂಟೈಲ್ ಏನನ್ನು ಬಚ್ಚಿಡುತ್ತದೆ

ಅಳತೆ ಬಂದ ಮೇಲೆ ಸರಾಸರಿ ನೋಡಬೇಡಿ. ರಾತ್ರಿ ಸುಮ್ನೆ ಕೂತಿರುವ ಸರ್ವರ್ ಸರಾಸರಿಯನ್ನು ಕೆಳಗೆ ಎಳೆಯುತ್ತದೆ. ಒಂದೇ ಒಂದು ಗರಿಷ್ಠ ಅಂಕಿಯನ್ನೂ ನಂಬಬೇಡಿ, ಅದು ಆಂಟಿವೈರಸ್ ಸ್ಕ್ಯಾನ್ ಇರಬಹುದು. ಇವೆರಡರ ನಡುವೆ 95ನೇ ಪರ್ಸೆಂಟೈಲ್ ಅನ್ನುವ ದಾರಿ ಇದೆ. ಎಲ್ಲ ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ಮೇಲಿನ ನೂರಕ್ಕೆ ಐದನ್ನು ಬಿಟ್ಟು, ಉಳಿದದ್ದರಲ್ಲಿ ದೊಡ್ಡದನ್ನು ತೆಗೆದುಕೊಳ್ಳುವುದು.

ಬಹಳಷ್ಟು ಮಾರ್ಗದರ್ಶಿಗಳು ಇಲ್ಲಿಗೇ ನಿಲ್ಲಿಸುತ್ತವೆ. ಸ್ವಲ್ಪ ಲೆಕ್ಕ ಹಾಕಿ ನೋಡಿ. 30 ದಿನ ಅಂದರೆ 720 ಗಂಟೆ. ಅದರಲ್ಲಿ ನೂರಕ್ಕೆ ಐದು ಅಂದರೆ 36 ಗಂಟೆ. ಬಟವಾಡೆ ಲೆಕ್ಕ ತಿಂಗಳಿಗೆ ಎರಡು ಬಾರಿ, ಒಟ್ಟು 4 ಗಂಟೆ. ಇಡೀ ಕಾರ್ಖಾನೆ ರೈತರಿಗೆ ಮಾತು ಉಳಿಸಿಕೊಳ್ಳುವ ಆ 4 ಗಂಟೆ, ನಾವು ಬಿಟ್ಟುಬಿಟ್ಟ 36 ಗಂಟೆಯೊಳಗೇ ಕೂತಿರುತ್ತದೆ! ಆದ್ದರಿಂದ ಎರಡು ಅಂಕಿ ಬರೆದುಕೊಳ್ಳಿ. ಒಂದು, 95ನೇ ಪರ್ಸೆಂಟೈಲ್. ಇನ್ನೊಂದು, ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿದ ಮುಖ್ಯ ಕೆಲಸದ ಹೊತ್ತಿನ ಬಳಕೆ.

ಸಿಪಿಯು ಲೆಕ್ಕ

ನಮ್ಮ ಹಳೆಯ ಡೇಟಾಬೇಸ್ ಸರ್ವರ್ ಕೂಡ 8 ವಿಸಿಪಿಯು (ವಿಎಂ ಪಾಲಿಗೆ ಬಂದ ಪ್ರೊಸೆಸರ್) ಇರುವ ವಿಎಂ. 95ನೇ ಪರ್ಸೆಂಟೈಲ್ 22% ಬಂತು. ಅಂದರೆ ನಿಜವಾದ ಬಳಕೆ 8 × 0.22 = 1.76 ವಿಸಿಪಿಯು. ಹೊಸ ವಿಎಂ 60% ಬಳಕೆಯಲ್ಲಿ ಇರಲಿ ಅಂತ ಇಟ್ಟುಕೊಂಡರೆ 1.76 ÷ 0.6 = 2.9. ಸಿಗುವ ಸೈಜ್‌ಗಳಲ್ಲಿ ಅದರ ಮೇಲಿನದು 4 ವಿಸಿಪಿಯು.

ಈಗ ಬಟವಾಡೆ ರಾತ್ರಿ. ಎರಡು ಗಂಟೆ 70% ಬಳಕೆ. 8 × 0.7 = 5.6 ವಿಸಿಪಿಯು. 4ರಲ್ಲಿ ಅದು ಹಿಡಿಸದು. ಹಾಗಂತ ತಕ್ಷಣ 8ಕ್ಕೆ ಏರಬೇಡಿ. ಒಟ್ಟು ಕೆಲಸ 5.6 × 2 = 11.2 ವಿಸಿಪಿಯು-ಗಂಟೆ. ಕೋರ್‌ಗಳ ವೇಗ ಒಂದೇ ಆಗಿದ್ದು, ಕೆಲಸ ನಾಲ್ಕಕ್ಕೂ ಹಂಚಿಕೊಂಡರೆ 4 ವಿಸಿಪಿಯುನಲ್ಲಿ 2.8 ಗಂಟೆ. ಈಗ ಅಕೌಂಟ್ಸ್ ವಿಭಾಗಕ್ಕೆ ಹೋಗಿ ಒಂದೇ ಪ್ರಶ್ನೆ ಕೇಳಿ: ರಾತ್ರಿ 10ಕ್ಕೆ ಶುರುವಾದ ಕೆಲಸ 12ರ ಬದಲು 1 ಗಂಟೆಗೆ ಮುಗಿದರೆ ತೊಂದರೆ ಇದೆಯಾ? ಬೆಳಿಗ್ಗೆ ಬ್ಯಾಂಕಿಗೆ ಫೈಲ್ ಹೋದರೆ ಸಾಕು ಅನ್ನುವುದಾದರೆ 4 ಸಾಕು. ಈ ತೀರ್ಮಾನ ಐಟಿಯವರು ಒಬ್ಬರೇ ಕೂತು ಮಾಡುವಂಥದ್ದಲ್ಲ.

ಒಂದು ಮುಖ್ಯ ವಿಷಯ. ಕ್ಲೌಡ್‌ನ ಇಂಟೆಲ್ ಮತ್ತು ಎಎಂಡಿ ವಿಎಂಗಳಲ್ಲಿ ಸಾಮಾನ್ಯವಾಗಿ ಒಂದು ವಿಸಿಪಿಯು ಅಂದರೆ ಒಂದು ಥ್ರೆಡ್ (ಒಂದು ಕೋರ್‌ನಲ್ಲಿ ಎರಡು ಇರುತ್ತವೆ), ಪೂರ್ತಿ ಕೋರ್ ಅಲ್ಲ. ನಿಮ್ಮ ಹಳೆಯದು ವಿಎಂ ಆಗಿರದೆ 8 ಕೋರ್‌ನ ನಿಜವಾದ ಸರ್ವರ್ ಆಗಿದ್ದರೆ, ಆ 8 ಕೋರ್‌ಗೆ 16 ವಿಸಿಪಿಯು ಸಮ. ಹೊಸ ಪ್ರೊಸೆಸರ್‌ನ ಒಂದೊಂದು ಕೋರ್ ಹತ್ತು ವರ್ಷದ ಹಿಂದಿನದಕ್ಕಿಂತ ವೇಗ ಅನ್ನುವುದು ಇನ್ನೊಂದು ಕಡೆಯ ತೂಕ. ಎರಡನ್ನೂ ಸೇರಿಸಿ ಕಾಗದದಲ್ಲಿ ನಿಖರ ಉತ್ತರ ಹುಡುಕುವ ಬದಲು ಒಂದು ಪ್ರಯೋಗ ಮಾಡಿ ನೋಡುವುದೇ ವಾಸಿ.

ಮೆಮೊರಿ: ತುಂಬಿದೆ ಅಂದರೆ ಬೇಕು ಅಂತಲ್ಲ

ಎಸ್‌ಕ್ಯೂಎಲ್ ಸರ್ವರ್ ಕೊಟ್ಟಷ್ಟು ಮೆಮೊರಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. 64 ಜಿಬಿ ಕೊಟ್ಟರೆ 60 ಬಳಕೆ ತೋರಿಸುತ್ತದೆ, 128 ಕೊಟ್ಟರೂ ಕಾಲಕ್ರಮೇಣ ತುಂಬಿಸಿಕೊಳ್ಳುತ್ತದೆ. ಹಾಗಾಗಿ ಟಾಸ್ಕ್ ಮ್ಯಾನೇಜರ್ ನೋಡಿ ಮೆಮೊರಿ ನಿರ್ಧರಿಸಬೇಡಿ. ಲಿನಕ್ಸ್‌ನಲ್ಲೂ ಇದೇ ಕಥೆ. ಫ್ರೀ ಕಮಾಂಡ್‌ನಲ್ಲಿ "ಫ್ರೀ" ಕಾಲಂ ಬಿಟ್ಟು "ಅವೈಲಬಲ್" ಕಾಲಂ ನೋಡಿ.

ನನಗೆ ತುಂಬ ಇಷ್ಟವಾದ, ಖರ್ಚಿಲ್ಲದ ಪರೀಕ್ಷೆ ಒಂದಿದೆ. ಹಳೆಯ ಸರ್ವರ್‌ನಲ್ಲೇ ಎಸ್‌ಕ್ಯೂಎಲ್‌ನ ಮ್ಯಾಕ್ಸ್ ಸರ್ವರ್ ಮೆಮೊರಿಯನ್ನು 26 ಜಿಬಿಗೆ ಇಳಿಸಿ. 32 ಜಿಬಿ ವಿಎಂನಲ್ಲಿ ಆಪರೇಟಿಂಗ್ ಸಿಸ್ಟಂಗೆ 6 ಜಿಬಿ ಬಿಟ್ಟರೆ ಉಳಿಯುವುದು ಅಷ್ಟೇ. ಒಂದು ಬಟವಾಡೆ ರಾತ್ರಿ ಸೇರುವಂತೆ ಎರಡು ವಾರ ಬಿಡಿ. ಪೇಜ್ ಲೈಫ್ ಎಕ್ಸ್‌ಪೆಕ್ಟೆನ್ಸಿ (ಓದಿದ ಡೇಟಾ ಮೆಮೊರಿಯಲ್ಲಿ ಎಷ್ಟು ಸೆಕೆಂಡ್ ಉಳಿಯುತ್ತದೆ ಅನ್ನುವ ಅಂಕಿ) ತೀರಾ ಕುಸಿಯಿತಾ, ಡಿಸ್ಕ್ ಓದು ಎಷ್ಟು ಏರಿತು, ಬಳಸುವವರು ನಿಧಾನ ಅಂದರಾ ನೋಡಿ. ಏನೂ ಆಗದಿದ್ದರೆ 32 ಜಿಬಿ ಸಾಕು. ತೊಂದರೆ ಬಂದರೆ ಸೆಟ್ಟಿಂಗ್ ಮತ್ತೆ ಏರಿಸಿದರೆ ಆಯಿತು, ಸರ್ವರ್ ನಿಲ್ಲಿಸುವುದೂ ಬೇಡ. ಹಗಲು ಜಾಸ್ತಿ ಕೆಲಸ ಇರುವಾಗ ಮಾತ್ರ ಇಳಿಸಬೇಡಿ.

ಟ್ಯಾಲಿ ಸರ್ವರ್ ಲೆಕ್ಕ ಸುಲಭ. ಮೈಸೂರಿನಿಂದ ಕ್ಲೌಡ್‌ನ ಟ್ಯಾಲಿ ಡೇಟಾ ಫೋಲ್ಡರ್ ಅನ್ನು ನೇರವಾಗಿ ತೆರೆಯಲು ಹೋಗಬೇಡಿ, ಬಲು ನಿಧಾನ. ಎಲ್ಲರೂ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ವಿಎಂ ಒಳಗೇ ಟ್ಯಾಲಿ ಓಡಿಸಲಿ. ಒಬ್ಬರಿಗೆ 700 ಎಂಬಿ ಅಂತ ಅಳತೆಯಲ್ಲಿ ಬಂದಿದ್ದರೆ 12 ಜನಕ್ಕೆ 8.4 ಜಿಬಿ. ವಿಂಡೋಸ್‌ಗೆ 4 ಸೇರಿಸಿದರೆ 12.4. ಅಲ್ಲಿಗೆ 16 ಜಿಬಿ ವಿಎಂ.

ಯಾವ ಕುಟುಂಬದ ವಿಎಂ

ವಿಎಂಗಳು ವಿಸಿಪಿಯು ಮತ್ತು ಮೆಮೊರಿಯ ಅನುಪಾತದ ಮೇಲೆ ಗುಂಪಾಗಿವೆ. ಒಂದು ವಿಸಿಪಿಯುಗೆ 4 ಜಿಬಿ ಕೊಡುವವು ಸಾಮಾನ್ಯ ಕೆಲಸಕ್ಕೆ: ಎಡಬ್ಲ್ಯೂಎಸ್‌ನಲ್ಲಿ ಎಂ, ಅಜೂರ್‌ನಲ್ಲಿ ಡಿ ಸರಣಿ. 8 ಜಿಬಿ ಕೊಡುವವು ಡೇಟಾಬೇಸ್‌ಗೆ: ಆರ್ ಮತ್ತು ಇ ಸರಣಿ. 2 ಜಿಬಿ ಕೊಡುವವು ಬರೀ ಲೆಕ್ಕಾಚಾರದ ಕೆಲಸಕ್ಕೆ: ಸಿ ಮತ್ತು ಎಫ್ ಸರಣಿ. ನಮ್ಮ ಡೇಟಾಬೇಸ್‌ಗೆ 4 ವಿಸಿಪಿಯು, 32 ಜಿಬಿ ಬೇಕು. ಅದು ಎಡಬ್ಲ್ಯೂಎಸ್‌ನ ಆರ್6ಐ ಎಕ್ಸ್‌ಲಾರ್ಜ್ ಅಥವಾ ಅಜೂರ್‌ನ ಇ4ಎಸ್ ವಿ5. ಟ್ಯಾಲಿಗೆ ಡಿ ಅಥವಾ ಎಂ ಸರಣಿಯ 4 ವಿಸಿಪಿಯು, 16 ಜಿಬಿ.

ಅಗ್ಗ ಅಂತ ಎಡಬ್ಲ್ಯೂಎಸ್‌ನ ಟಿ ಅಥವಾ ಅಜೂರ್‌ನ ಬಿ ಸರಣಿ ಕಣ್ಣಿಗೆ ಬೀಳುತ್ತದೆ. ಅವು ಸುಮ್ಮನಿರುವಾಗ ಪ್ರೊಸೆಸರ್ ಸಮಯವನ್ನು ಕ್ರೆಡಿಟ್ ಆಗಿ ಕೂಡಿಟ್ಟು, ಬೇಕಾದಾಗ ಖರ್ಚು ಮಾಡುತ್ತವೆ. ಟಿ3 ಲಾರ್ಜ್‌ಗೆ ಪ್ರತಿ ವಿಸಿಪಿಯುನ 30% ಮಾತ್ರ ನಿರಂತರ ಹಕ್ಕು. ಹಂಗಾಮಿನಲ್ಲಿ ಕಬ್ಬಿನ ಅಪ್ಲಿಕೇಶನ್‌ಗೆ ಹಗಲು ರಾತ್ರಿ ಅನ್ನುವುದಿಲ್ಲ, ಕ್ರೆಡಿಟ್ ಉಳಿಯುವುದೇ ಇಲ್ಲ. ಟಿ3 ಮೊದಲಿನಿಂದಲೂ ಅನ್‌ಲಿಮಿಟೆಡ್ ಮೋಡ್‌ನಲ್ಲಿ ಬರುವುದರಿಂದ ವೇಗ ಇಳಿಯುವುದಿಲ್ಲ, ಹೆಚ್ಚುವರಿ ಬಳಕೆ ಸದ್ದಿಲ್ಲದೆ ಬಿಲ್‌ಗೆ ಸೇರುತ್ತದೆ. ಟೆಸ್ಟ್ ಸರ್ವರ್‌ಗೆ ಇದನ್ನು ಕಣ್ಣುಮುಚ್ಚಿ ಕೊಡಬಹುದು. ಮುಖ್ಯ ಕೆಲಸಕ್ಕೆ ಬೇಡ.

ಡಿಸ್ಕ್‌ಗೆ ಎರಡು ಬಾಗಿಲು

"ಸಿಪಿಯು ಖಾಲಿ ಇದೆ, ಆದರೂ ನಿಧಾನ" ಅನ್ನುವ ದೂರು ಬಂದರೆ ಮೊದಲು ಡಿಸ್ಕ್ ನೋಡಿ. ಡಿಸ್ಕ್‌ಗೆ ಗಾತ್ರ ಒಂದೇ ಅಲ್ಲ, ಸೆಕೆಂಡಿಗೆ ಎಷ್ಟು ಬಾರಿ ಓದಿ ಬರೆಯಬಲ್ಲದು ಅನ್ನುವ ಐಒಪಿಎಸ್ ಮಿತಿ, ಸೆಕೆಂಡಿಗೆ ಎಷ್ಟು ಎಂಬಿ ಅನ್ನುವ ಮಿತಿ ಕೂಡ ಇವೆ. ಎಡಬ್ಲ್ಯೂಎಸ್‌ನ ಜಿಪಿ3 ಡಿಸ್ಕ್ ಎಷ್ಟೇ ಚಿಕ್ಕದಿರಲಿ, 3000 ಐಒಪಿಎಸ್ ಮತ್ತು 125 ಎಂಬಿ ಮೂಲ ಬೆಲೆಯಲ್ಲೇ ಬರುತ್ತದೆ. ಅಜೂರ್‌ನ ಪ್ರೀಮಿಯಂ ಎಸ್‌ಎಸ್‌ಡಿಯಲ್ಲಿ ವೇಗ ಗಾತ್ರದ ಜೊತೆ ಏರುತ್ತದೆ: 128 ಜಿಬಿಯ ಪಿ10ಗೆ 500 ಐಒಪಿಎಸ್, 1 ಟಿಬಿಯ ಪಿ30ಗೆ 5000.

ಇದು ಮೊದಲ ಬಾಗಿಲು. ಎರಡನೆಯದು ವಿಎಂನದ್ದೇ ಮಿತಿ, ಇದನ್ನು ಮರೆಯುವವರೇ ಜಾಸ್ತಿ. ಪಿ30 ಡಿಸ್ಕ್ ಸೆಕೆಂಡಿಗೆ 200 ಎಂಬಿ ಕೊಡಬಲ್ಲದು. ಆದರೆ ಇ4ಎಸ್ ವಿ5 ವಿಎಂ ಕ್ಯಾಶ್ (ತಾತ್ಕಾಲಿಕ ಸಂಗ್ರಹ) ಇಲ್ಲದೆ ನಿರಂತರವಾಗಿ ಒಟ್ಟು 145 ಎಂಬಿ ಮಾತ್ರ ಒಳಬಿಡುತ್ತದೆ. ಇನ್ನೂ ದುಬಾರಿ ಡಿಸ್ಕ್ ಹಾಕಿದರೂ ಅಷ್ಟೇ. ಬಟವಾಡೆ ರಾತ್ರಿ ನಿಮ್ಮ ಅಳತೆ 100 ಎಂಬಿ ಇದ್ದರೆ ಚಿಂತೆ ಇಲ್ಲ. 180 ಇದ್ದರೆ ದೊಡ್ಡ ವಿಎಂ ಬೇಕು, ಸಿಪಿಯು ಸಾಕಾಗಿದ್ದರೂ. ಮೆಮೊರಿ ಪರೀಕ್ಷೆ ಮಾಡಿದ ಎರಡು ವಾರದ ಡಿಸ್ಕ್ ಅಂಕಿಗಳನ್ನೇ ಇಲ್ಲಿ ಬಳಸಿ, ಮೆಮೊರಿ ಇಳಿದಾಗ ಓದು ಏರಿರುತ್ತದೆ.

ಗಾತ್ರವನ್ನು ಮೊದಲೇ ದೊಡ್ಡದು ಇಡಬೇಡಿ. ಡಿಸ್ಕ್ ಆಮೇಲೆ ಬೆಳೆಸಬಹುದು, ಕುಗ್ಗಿಸಲು ಆಗುವುದಿಲ್ಲ.

ಲೈಸೆನ್ಸ್, ಜಾಗ, ಲೈನ್

ಎಸ್‌ಕ್ಯೂಎಲ್ ಸರ್ವರ್ ಸ್ಟ್ಯಾಂಡರ್ಡ್ ಅನ್ನು ಕೋರ್ ಲೆಕ್ಕದಲ್ಲಿ ಕೊಂಡರೆ ಒಂದು ವಿಎಂಗೆ ಕನಿಷ್ಠ 4 ಕೋರ್ ಕೊಳ್ಳಬೇಕು. 8ರಿಂದ 4ಕ್ಕೆ ಇಳಿದರೆ ಲೈಸೆನ್ಸ್ ಅರ್ಧ ಆಗುತ್ತದೆ, ಕೆಲವೊಮ್ಮೆ ವಿಎಂ ಬಾಡಿಗೆಗಿಂತ ಈ ಉಳಿತಾಯವೇ ದೊಡ್ಡದು. 4ರಿಂದ 2ಕ್ಕೆ ಇಳಿದರೆ ಲೈಸೆನ್ಸ್‌ನಲ್ಲಿ ಏನೂ ಉಳಿಯದು. ಚಿಕ್ಕ ಗಿರಣಿಗಳು ಎಸ್‌ಕ್ಯೂಎಲ್ ಸರ್ವರ್‌ನ ಉಚಿತ ಎಕ್ಸ್‌ಪ್ರೆಸ್ ಬಳಸುತ್ತಿದ್ದರೆ ಒಂದು ಡೇಟಾಬೇಸ್‌ಗೆ 2022ರ ಆವೃತ್ತಿಯವರೆಗೆ 10 ಜಿಬಿ, 2025ರ ಆವೃತ್ತಿಯಲ್ಲಿ 50 ಜಿಬಿ ಮಿತಿ ನೆನಪಿರಲಿ. ಟ್ಯಾಲಿಯ 12 ಜನಕ್ಕೆ ರಿಮೋಟ್ ಡೆಸ್ಕ್‌ಟಾಪ್ ಲೈಸೆನ್ಸ್ ಬೇಕು, ವಿಂಡೋಸ್ ಸರ್ವರ್ ಜೊತೆ ಬರುವುದು ಆಡಳಿತಕ್ಕೆ ಎರಡು ಸೆಷನ್ ಮಾತ್ರ.

ರೀಜನ್, ಅಂದರೆ ಕ್ಲೌಡ್ ಕಂಪನಿಯ ಡೇಟಾ ಸೆಂಟರ್ ಇರುವ ಜಾಗ, ಭಾರತದ್ದೇ ಇರಲಿ. ಎಡಬ್ಲ್ಯೂಎಸ್‌ಗೆ ಮುಂಬೈ ಮತ್ತು ಹೈದರಾಬಾದ್, ಅಜೂರ್‌ಗೆ ಪುಣೆ ಮತ್ತು ಚೆನ್ನೈ, ಗೂಗಲ್‌ಗೆ ಮುಂಬೈ ಮತ್ತು ದೆಹಲಿ ಇವೆ. ದೂರ ಕಡಿಮೆ ಅನ್ನುವುದು ಒಂದು ಕಾರಣ. ಕಂಪನಿಗಳು ಲೆಕ್ಕಪುಸ್ತಕದ ಬ್ಯಾಕಪ್ ಅನ್ನು ಪ್ರತಿದಿನ ಭಾರತದೊಳಗಿನ ಸರ್ವರ್‌ನಲ್ಲಿ ಇಡಬೇಕು ಅಂತ 2022ರಲ್ಲಿ ನಿಯಮ ತಿದ್ದುಪಡಿ ಆಗಿರುವುದು ಇನ್ನೊಂದು. ಬೆಲೆ ಮತ್ತು ಸಿಗುವ ಸೈಜ್ ರೀಜನ್‌ನಿಂದ ರೀಜನ್‌ಗೆ ಬೇರೆ. ಪಟ್ಟಿಯಲ್ಲಿ ಆರಿಸಿದ ಸೈಜ್ ಅಲ್ಲಿ ಇದೆಯಾ ಅಂತ ಮೊದಲೇ ನೋಡಿ.

ಕಾರ್ಖಾನೆಗೂ ಮೈಸೂರು ಕಚೇರಿಗೂ ಎರಡು ಬೇರೆ ಕಂಪನಿಯ ಇಂಟರ್ನೆಟ್ ಲೈನ್ ಹಾಕಿಸಿ. ರೂಟರ್‌ಗೆ ಯುಪಿಎಸ್ ಕೊಡಿ. ಸರ್ವರ್ ರೂಮ್ ಹೋದ ಮೇಲೆ ಇನ್ನು ರೂಟರ್ರೇ ಮುಖ್ಯ.

ಖರ್ಚು

ಕ್ಲೌಡ್ ಬಿಲ್‌ನಲ್ಲಿ ತಿಂಗಳು ಅಂದರೆ 730 ಗಂಟೆ. ಟೆಸ್ಟ್ ಸರ್ವರ್ ದಿನಕ್ಕೆ 10 ಗಂಟೆ, 26 ದಿನ ಓಡಿದರೆ 260 ಗಂಟೆ ಸಾಕು. ಸಂಜೆ ತಾನಾಗಿ ನಿಲ್ಲುವಂತೆ ಮಾಡಿದರೆ ಮೂರರಲ್ಲಿ ಎರಡು ಪಾಲು ಬಾಡಿಗೆ ಉಳಿಯುತ್ತದೆ. ಆದರೆ ನಿಲ್ಲಿಸಿದ ವಿಎಂನ ಡಿಸ್ಕ್ ಬಾಡಿಗೆ ನಡೆಯುತ್ತಲೇ ಇರುತ್ತದೆ. ಅಜೂರ್‌ನಲ್ಲಿ ವಿಂಡೋಸ್ ಒಳಗಿನಿಂದ ಶಟ್‌ಡೌನ್ ಕೊಟ್ಟರೆ ವಿಎಂ ಬಾಡಿಗೆಯೂ ನಿಲ್ಲುವುದಿಲ್ಲ. ಪೋರ್ಟಲ್‌ನಿಂದ ನಿಲ್ಲಿಸಿ, "ಡಿಅಲೊಕೇಟೆಡ್" ಅಂತ ಬಂದಿದೆಯಾ ನೋಡಿ.

ಬಜೆಟ್ ಬರೆಯುವಾಗ ಬ್ಯಾಕಪ್, ಹೊರಹೋಗುವ ಡೇಟಾ, 18% ಜಿಎಸ್‌ಟಿ ಸೇರಿಸಿ. ಒಂದು ಅಥವಾ ಮೂರು ವರ್ಷದ ಒಪ್ಪಂದ ಮಾಡಿದರೆ ಬೆಲೆ ಚೆನ್ನಾಗಿ ಇಳಿಯುತ್ತದೆ. ಮೊದಲ ದಿನವೇ ಅದಕ್ಕೆ ಸಹಿ ಹಾಕಬೇಡಿ. ಸೈಜ್ ಸರಿ ಅಂತ ಗೊತ್ತಾಗದೆ ಒಪ್ಪಂದ ಮಾಡಿದರೆ ತಪ್ಪು ಸೈಜ್‌ಗೇ ವರ್ಷಗಟ್ಟಲೆ ದುಡ್ಡು ಕಟ್ಟಬೇಕಾಗುತ್ತದೆ.

ಸಾಗಿಸುವುದು

ಕಾರ್ಖಾನೆ ಅರೆಯುವುದು ನಿಂತ ಮೇಲೆ ಸಾಗಿಸಿ. ಮೈಸೂರಿನ ಹೋಟೆಲ್‌ಗಳಾದರೆ ದಸರಾ ಮತ್ತು ಬೇಸಿಗೆ ರಜೆಯ ನಡುವಿನ ತಿಂಗಳು ನೋಡಿಕೊಳ್ಳಿ. ಮೊದಲು ಟೆಸ್ಟ್ ಸರ್ವರ್, ಆಮೇಲೆ ಫೈಲ್, ಆಮೇಲೆ ಟ್ಯಾಲಿ, ಕೊನೆಗೆ ಕಬ್ಬಿನ ಅಪ್ಲಿಕೇಶನ್ ಮತ್ತು ಡೇಟಾಬೇಸ್ ಒಟ್ಟಿಗೆ.

ಡೇಟಾ ಹೋಗಲು ಎಷ್ಟು ಹೊತ್ತು? 2 ಟಿಬಿ, ಅಪ್‌ಲೋಡ್ 50 ಎಂಬಿಪಿಎಸ್ (ಸೆಕೆಂಡಿಗೆ 50 ಮೆಗಾಬಿಟ್) ಇದ್ದರೆ ಲೈನ್ ಪೂರ್ತಿ ಸಿಕ್ಕರೂ ಸುಮಾರು 89 ಗಂಟೆ. ಹಗಲು ಕಚೇರಿ ಕೆಲಸವೂ ಅದೇ ಲೈನ್‌ನಲ್ಲಿ ನಡೆಯಬೇಕು, ಹಾಗಾಗಿ ಒಂದು ವಾರ ಅಂತ ಇಟ್ಟುಕೊಳ್ಳಿ. ಬಹುಪಾಲು ಮೊದಲೇ ಕಳಿಸಿ, ಬದಲಾದದ್ದನ್ನು ಮಾತ್ರ ಕೊನೆಯ ರಾತ್ರಿ ಕಳಿಸಿ. ಸರ್ವರ್ ಹೆಸರಿಗೆ ವಿಳಾಸ ಹೇಳುವ ಡಿಎನ್‌ಎಸ್‌ನ ಟಿಟಿಎಲ್ ಅನ್ನು (ಹಳೆಯ ವಿಳಾಸ ಎಷ್ಟು ಹೊತ್ತು ನೆನಪಿಡಬೇಕು ಅನ್ನುವ ಅವಧಿ) ಹಿಂದಿನ ದಿನವೇ 300 ಸೆಕೆಂಡಿಗೆ ಇಳಿಸಿ. ವಾಪಸ್ ಬರಬೇಕಾದರೆ ಯಾರು, ಎಷ್ಟು ಗಂಟೆಗೆ ತೀರ್ಮಾನ ಮಾಡುತ್ತಾರೆ ಅನ್ನುವುದನ್ನು ಕಾಗದದಲ್ಲಿ ಬರೆದಿಡಿ.

ಡೇಟಾಬೇಸ್ ಹೋದ ಮೇಲೆ ಕಳೆದ ಹಂಗಾಮಿನ ಒಂದು ಬಟವಾಡೆಯನ್ನು ಅದರ ಪ್ರತಿಯ ಮೇಲೆ ಮತ್ತೆ ಓಡಿಸಿ. 2.8 ಗಂಟೆ ಅಂತ ಲೆಕ್ಕ ಹಾಕಿದ್ದೆವಲ್ಲ, ನಿಜವಾಗಿ ಎಷ್ಟು ಹಿಡಿಯಿತು? ಒಟ್ಟು ಮೊತ್ತ ರೂಪಾಯಿ ಪೈಸೆಗೆ ಹಳೆಯದರ ಜೊತೆ ತಾಳೆ ಆಯಿತಾ? ಈ ಎರಡು ಉತ್ತರ ಸಿಗುವ ತನಕ ಹಳೆಯ ಸರ್ವರ್‌ನ ಪ್ಲಗ್ ತೆಗೆಯಬೇಡಿ.

ಮೊದಲ ಹಂಗಾಮಿಗೆ ಒಂದು ಸೈಜ್ ಜಾಸ್ತಿ ಇಟ್ಟೇ ಶುರು ಮಾಡಿ. ಬಳಕೆ ಅಳೆಯುವ ಎಡಬ್ಲ್ಯೂಎಸ್‌ನ ಕ್ಲೌಡ್‌ವಾಚ್ ವಿಎಂ ಒಳಗಿನ ಮೆಮೊರಿಯನ್ನು ತಾನಾಗಿ ನೋಡುವುದಿಲ್ಲ, ಏಜೆಂಟ್ ಅನ್ನುವ ಚಿಕ್ಕ ಪ್ರೋಗ್ರಾಂ ಹಾಕಿದರೆ ಮಾತ್ರ ಕಾಣುತ್ತದೆ. ಅದನ್ನು ಮೊದಲ ದಿನವೇ ಹಾಕಿ. ಎರಡು ಬಟವಾಡೆ ರಾತ್ರಿ ಮುಗಿದ ಮೇಲೆ ಅಂಕಿಗಳನ್ನು ನೋಡಿ ಒಂದು ಸೈಜ್ ಇಳಿಸಿ. ಇಳಿಸಲು ವಿಎಂ ಒಮ್ಮೆ ನಿಂತು ಶುರುವಾಗಬೇಕು, ಕೆಲವೇ ನಿಮಿಷದ ಕೆಲಸ. ಮತ್ತೆರಡು ಬಟವಾಡೆ ಸರಿಯಾಗಿ ನಡೆದರೆ ಆಗ ಒಂದು ವರ್ಷದ ಒಪ್ಪಂದಕ್ಕೆ ಸಹಿ ಹಾಕಿ. ಹಂಗಾಮು ಮುಗಿದಾಗ ಅಪ್ಲಿಕೇಶನ್ ಸರ್ವರ್ ಅನ್ನು ಇನ್ನೂ ಇಳಿಸುವ ಯೋಚನೆ ಇದ್ದರೆ, ಅದನ್ನು ಒಪ್ಪಂದದಿಂದ ಹೊರಗೇ ಇಡಿ.